ಹಿಟಾಚಿಗೂ ಒಂದು ಪತ್ತನಾಜೆ

ದಕ್ಷಿಣ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

2018ರ ಮೇ 29ರಂದು ಮಂಗಳೂರಿನ ಕೊಟ್ಟಾರಚೌಕಿಯ ಹೆದ್ದಾರಿಯಲ್ಲಿ ವಾಹನಗಳು ನೀರಿನಲ್ಲಿ ಸಿಕ್ಕಿಬಿದ್ದದ್ದನ್ನು ಊರು ಮರೆತಿಲ್ಲ. ಆಟ, ಕೋಲಗಳಿಗೆ ಮಳೆಗಾಲದ ಬಿಡುವು ಶುರುವಾಗುವ ಪತ್ತನಾಜೆ ಕಳೆದು ವಾರವೂ ಆಗಿರಲಿಲ್ಲ. ಅಂಥ ನೆರೆ ತಪ್ಪಿಸಲೆಂದು ಬೇಸಗೆ ಬಂತೆಂದರೆ ರಾಜಕಾಲುವೆಯ ಹೂಳೆತ್ತುವ ಮಾತು ಬರುತ್ತದೆ. ಎತ್ತಲಿ, ಬೇಡವೆನ್ನುವವರು ಯಾರು? ಆದರೆ ಆ ಹೂಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕೆಂಪು ಹರಳಿನ ನಡುವೆ ಸಾಬೂನಿನಂತೆ ಜಾರುವ ಮಣ್ಣು ಸಿಗುತ್ತದೆ. ಅದು ಶೇಡಿ, ಗುಡ್ಡದ ಹೊಟ್ಟೆಯಲ್ಲಿ ಇರಬೇಕಾದದ್ದು.

ನಮ್ಮ ಗುಡ್ಡಗಳ ಮೇಲ್ಪದರ ಮುರಕಲ್ಲು. ತೂತು ತೂತಾದ ಆ ಕಲ್ಲು, ಮೇಲಿನ ಮುಳಿಹುಲ್ಲು, ಕುರುಚಲು ಎಲ್ಲ ಸೇರಿ ಮಳೆಯ ಪೆಟ್ಟು ತಾಳಿಕೊಳ್ಳುತ್ತವೆ. ಸೈಟಿಗೆಂದು ಅದನ್ನು ಕೆರೆದು ತೆಗೆದರೆ ಶೇಡಿ ಬಯಲಾಗುತ್ತದೆ. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುವ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ನೀರು ಕುಡಿದರೆ ಮೊಸರಿನಂತೆ ಜರಿಯುತ್ತದೆ. 2024ರ ಮಳೆಯಲ್ಲಿ ವಾಮಂಜೂರಿನ ಹತ್ತಿರ ಕೆತ್ತಿಕಲ್ ಗುಡ್ಡ ಜರಿದದ್ದನ್ನು ಕಂಡೆವಲ್ಲ.

ಗುಡ್ಡದ ಕೆಳಗೆ ಗದ್ದೆಗಳ ಬೈಲು ಇತ್ತು. ಮಳೆಗಾಲದ ಏಣೆಲು ಬೆಳೆಯ ಗದ್ದೆಯೆಂದರೆ ಕಟ್ಟಪುಣಿಯ ಬದು ಹಾಕಿದ ಸಣ್ಣ ಕೆರೆಯೇ. ಒಂದು ಎಕರೆಗೆ 10 ಸೆಂ.ಮೀ. ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್ ನೀರು. ಗದ್ದೆ ಅದರಲ್ಲಿ ಒಂದು ಪಾಲನ್ನು ಹಿಡಿದಿಟ್ಟು, ಉಳಿದದ್ದನ್ನು ನಿಧಾನಕ್ಕೆ ಫಲ್ಗುಣಿ ನದಿಯ ಕಡೆ ಬಿಡುತ್ತಿತ್ತು. ಆ ಗದ್ದೆಯ ಜಾಗಕ್ಕೆ ಬಂದ ಇಂಟರ್‌ಲಾಕ್ ಅಂಗಳಕ್ಕೆ ಆ ತಾಳ್ಮೆಯಿಲ್ಲ. (ನನ್ನ ಅಂಗಳಕ್ಕೂ ಅದೇ ಹಾಸಿದೆ, ಒಪ್ಪಿಕೊಳ್ಳುತ್ತೇನೆ.) ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರಲ್ಲಿ ನಾವು ತೋಡಿನ ಅಗಲವನ್ನಷ್ಟೇ ಅಳೆಯುತ್ತಾ ಕೂತಿದ್ದೇವೆ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಗೆ ಷರತ್ತು ಹಾಕುವ ಅಧಿಕಾರ ನಿಮ್ಮದು. ಪತ್ತನಾಜೆಗೆ ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನಿಲ್ಲುತ್ತದೆ. ದೈವಗಳೇ ಬಿಡುವು ಪಡೆಯುವ ನಾಡಿನಲ್ಲಿ ಗುಡ್ಡ ಅಗೆಯುವ ಹಿಟಾಚಿಗೇಕೆ ರಜೆಯಿಲ್ಲ? ಅಂದಿನಿಂದ ಮಳೆ ಮುಗಿಯುವವರೆಗೆ ಯಾರೂ ಗುಡ್ಡಕ್ಕೆ ಕೈ ಹಾಕದಂತೆ ಮಾಡಿ. ಪತ್ತನಾಜೆಗೆ ಮುನ್ನವೇ, ಕಡಿದ ಬರೆಗೆ ಮೆಟ್ಟಿಲು ಕೊರೆದು ಹುಲ್ಲು ಹಿಡಿಸಿರಬೇಕು, ಬುಡದಲ್ಲಿ ಮಣ್ಣು ತಂಗುವ ಗುಂಡಿ ಇರಬೇಕು. ಸೈಟಿನ ಮಣ್ಣು ಗಡಿ ದಾಟಿ ತೋಡಿಗಿಳಿದರೆ ಹೂಳೆತ್ತುವ ಖರ್ಚು ಜಾಗದ ಮಾಲಕರದ್ದೇ ಆಗಲಿ. ಬೈಲು ತುಂಬಿಸುವ ಅರ್ಜಿ ಬಂದಾಗ, ಅಲ್ಲಿ ನಿಲ್ಲುತ್ತಿದ್ದ ನೀರು ಇನ್ನೆಲ್ಲಿ ನಿಲ್ಲಬೇಕೆಂದು ಅರ್ಜಿದಾರರನ್ನೇ ಕೇಳಿ.

ಮುಂದಿನ ಆಟಿ ತಿಂಗಳ ಮಳೆಯಲ್ಲಿ ಒಮ್ಮೆ ಇತ್ತ ಬನ್ನಿ. ಚೌಕಿಯಿಂದ ಶುರುಮಾಡಿ ಕೆನ್ನೀರಿನ ಜಾಡು ಹಿಡಿದು ಮೇಲಕ್ಕೆ ನಡೆಯೋಣ. ಕೊಡೆ ನಾನೇ ತರುತ್ತೇನೆ.

ಇತಿ,
ಕೊಟ್ಟಾರದ ಒಬ್ಬ ನಿವಾಸಿ