ಮೊದಲು ಕಾರ್ಖಾನೆ, ಆಮೇಲೆ ದಂಡು

ನಕ್ಷತ್ರಲೋಕದಲ್ಲಿ ಸಾಮ್ರಾಜ್ಯ ಕಟ್ಟುವ ‘ಮಾಸ್ಟರ್ ಆಫ್ ಓರಾಯನ್’ ಎಂಬ ಕಂಪ್ಯೂಟರ್ ಆಟ ಹೊರಬಂದದ್ದು 1993ರಲ್ಲಿ. ಇಂದಿಗೂ ಅದನ್ನು ಆಡುವವರಿದ್ದಾರೆ. ಹೊಸದಾಗಿ ಕೂತವನಿಗೆ ಬಲ್ಲವರೆನಿಸಿಕೊಂಡವರು ಹೇಳುವ ಬುದ್ಧಿಮಾತು ಒಂದೇ: ಬೇಗ ಯುದ್ಧನೌಕೆ ಕಟ್ಟು, ನೆರೆಯವನ ಮೇಲೆ ಬೀಳು. ಈ ಉಪದೇಶವನ್ನು ನಾವು ಸರ್ವಥಾ ಒಪ್ಪುವುದಿಲ್ಲ.

ಆರಂಭದಲ್ಲಿ ಆಟ ನಮ್ಮ ಕೈಗೆ ಕೊಡುವುದೇನು? ಒಂದು ಗ್ರಹ, ಎರಡು ಬೇಹಿನ ನೌಕೆ, ಒಂದು ವಲಸೆಯ ನೌಕೆ. ದಂಡಿಲ್ಲ! ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹೋದಲ್ಲಿ ಮೊದಲು ಒಲೆ ಹೊತ್ತಬೇಕು. ಜನಸಂಖ್ಯೆಯ ಒಂದೊಂದು ಘಟಕ ಆಗ ನಡೆಸಬಲ್ಲದ್ದು ಎರಡೆರಡು ಕಾರ್ಖಾನೆ. ಆ ಲೆಕ್ಕ ತುಂಬುವತನಕ ದುಡಿಮೆಯ ಬಹುಪಾಲು ಕಾರ್ಖಾನೆಗೇ ಹೋಗಲಿ. ಮೀರಿ ಕಟ್ಟಿದರೆ ನಡೆಸುವ ಕೈಗಳಿಲ್ಲ. ಆಗ ಸಂಶೋಧನೆಯತ್ತ ತಿರುಗಬೇಕು. ಕೊಳೆ ತೆಗೆಯುವ ಖರ್ಚನ್ನು ಉಳಿಸಹೊರಟ ಜಾಣರ ಗ್ರಹದಲ್ಲಿ ಜನಕ್ಕೇ ಜಾಗ ಕುಗ್ಗುತ್ತದೆ.

ಅವಸರದಲ್ಲಿ ಕಟ್ಟಿದ ಯುದ್ಧನೌಕೆಯೋ, ನಿಂತಲ್ಲೇ ವರ್ಷವರ್ಷವೂ ಬೊಕ್ಕಸ ತಿನ್ನುತ್ತದೆ. ಹೊಸ ಆಯುಧ ಬಂದೊಡನೆ ಗುಜರಿಗೆ ಸೇರುತ್ತದೆ. ಶತ್ರು ಬಂದರೇನು ಗತಿ ಎನ್ನುತ್ತೀರಾ? ಗ್ರಹದ ಮೇಲೆ ಕ್ಷಿಪಣಿ ನೆಲೆ ಕಟ್ಟಬಹುದಲ್ಲ! ನೆರೆಯವನೊಡನೆ ವ್ಯಾಪಾರದ ಒಪ್ಪಂದವೂ ಆಗಲಿ. ಮೊದಮೊದಲು ಅದು ನಷ್ಟವನ್ನೇ ತೋರಿಸೀತು. ತಾಳಿದವನಿಗೆ ಲಾಭ ಬರುತ್ತದೆ.

ಇಷ್ಟಕ್ಕೂ ಗೆಲ್ಲಲು ಎಲ್ಲರನ್ನೂ ಬಡಿಯಬೇಕಾಗಿಲ್ಲ. ಅಲ್ಲಿನ ಮಹಾಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಮತ ದೊರೆತರೆ ಆಟ ಮುಗಿಯಿತು. ಮತದ ಲೆಕ್ಕ ಜನಸಂಖ್ಯೆಯ ಮೇಲೆ, ನೌಕೆಗಳ ಮೇಲಲ್ಲ. ನಿನ್ನೆ ತನ್ನ ಗ್ರಹಕ್ಕೆ ಬೆಂಕಿಯಿಟ್ಟವನಿಗೆ ಯಾವ ನೆರೆಯವನು ಕೈ ಎತ್ತಿಯಾನು? ದಂಡಿನ ವಕೀಲರು ಇದಕ್ಕೆ ಉತ್ತರ ಹೇಳಲಿ.