ಲಾಗ್ ಎಷ್ಟು ದಿನ ಇಡುತ್ತೀರಿ?

ಮಂಗಳೂರಿನ ಕೊಡಿಯಾಲ್‌ಬೈಲಿನ ಅಪಾರ್ಟ್‌ಮೆಂಟುಗಳಿಗೆ ಹೋದರೆ ಗೇಟಿನಲ್ಲಿ ವಾಚ್‌ಮ್ಯಾನ್ ಒಂದು ಪುಸ್ತಕ ಮುಂದಿಡುತ್ತಾರೆ: ಹೆಸರು, ಹೊತ್ತು, ಯಾರ ಮನೆಗೆ. ವೆಬ್‌ಸೈಟಿನ ಸರ್ವರ್ ಕೂಡ ಹೀಗೇ ಬರೆದಿಡುತ್ತದೆ. ನಾವು ಮೊಬೈಲಿನಲ್ಲಿ ಪುಟ ತೆರೆದಾಗಲೆಲ್ಲ ಯಾವ ಐಪಿ ವಿಳಾಸ, ಎಷ್ಟು ಹೊತ್ತಿಗೆ, ಯಾವ ಪುಟ ಎಂದು ಸಾಲು ಸೇರುತ್ತದೆ. ಇದೇ ಲಾಗ್ ಫೈಲ್.

ಪುಸ್ತಕ ತುಂಬಿದರೆ ವಾಚ್‌ಮ್ಯಾನ್ ಹೊಸದು ತೆಗೆಯುತ್ತಾರೆ. ಸರ್ವರಿಗೆ ಹಾಗೆ ಹೇಳಿಕೊಡದಿದ್ದರೆ ಫೈಲ್ ಬೆಳೆದು ಬೆಳೆದು ಡಿಸ್ಕ್ ತುಂಬಿ ಸೈಟೇ ನಿಲ್ಲಬಹುದು. ನಮಗೆ ಕಾಣುವುದು ‘ಸರ್ವರ್ ಡೌನ್’ ಮಾತ್ರ. ಲಿನಕ್ಸ್ ಸರ್ವರಿನಲ್ಲಿ ಇದಕ್ಕೆಂದೇ ಲಾಗ್‌ರೊಟೇಟ್ ಎಂಬ ಉಚಿತ ಸಾಧನವಿದೆ. ದಿನಕ್ಕೊಮ್ಮೆ ಹೊಸ ಫೈಲ್ ತೆರೆಯುತ್ತದೆ, ಹಳತನ್ನು ಕುಗ್ಗಿಸಿಡುತ್ತದೆ, ಅವಧಿ ಮುಗಿದದ್ದನ್ನು ಅಳಿಸುತ್ತದೆ.

ನಮ್ಮ ತಕರಾರು ಆ ಅವಧಿಯ ಬಗ್ಗೆ. ಉಬುಂಟುವಿನಲ್ಲಿ ಅಪಾಚೆ ಅಥವಾ ಎಂಜಿನ್‌ಎಕ್ಸ್ ಹಾಕಿದಾಗ ತಾನಾಗಿ ಬರುವ ಲೆಕ್ಕ 14 ದಿನ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕೇಳುವುದು 180 ದಿನ. ಸೊಸೈಟಿಯ ಸೈಟಿಗೆ ಯಾರೋ ಕನ್ನ ಹಾಕಿದ್ದು ತಿಂಗಳ ನಂತರ ತಿಳಿದರೆ, 14 ದಿನದ ಲಾಗಿನಲ್ಲಿ ಕಳ್ಳನ ಜಾಡು ಉಳಿದಿರುವುದಿಲ್ಲ.

ಜಾಗ ಸಾಲದು ಎನ್ನುವುದು ನೆಪ. ಸಾಲಿಗೆ 200 ಬೈಟಿನಂತೆ ದಿನಕ್ಕೆ 50,000 ಸಾಲು ಬಂದರೂ 180 ದಿನಕ್ಕೆ ಆಗುವುದು 1.8 ಜಿಬಿ. ಕುಗ್ಗಿಸಿದರೆ ಇನ್ನೂ ಕಡಿಮೆ. ಸೆಟ್ಟಿಂಗಿನಲ್ಲಿ 14 ಅಳಿಸಿ 180 ಬರೆಯಲು ಐದು ನಿಮಿಷ ಸಾಕು.

ನಿಮ್ಮ ಸೊಸೈಟಿಯ, ಶಾಲೆಯ ಸೈಟ್ ನೋಡಿಕೊಳ್ಳುವವರನ್ನು ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಲಾಗ್ ಎಷ್ಟು ದಿನ ಇಡುತ್ತೀರಿ?