ಸರಪಣಿಯ ನೇರವೂ ಅಳತೆಯ ನ್ಯಾಯವೂ

ಒಂದು ಮೋಟಾರ್ ಸೈಕಲ್ಲಿನ ಚೌಕಟ್ಟಿನಲ್ಲಿ ಮತ್ತೊಂದರ ಎಂಜಿನ್ನನ್ನು ಕೂರಿಸಿ ಓಡಿಸಬೇಕೆಂಬ ಹಂಬಲ ಹೊಸದಲ್ಲ. 1950 ಮತ್ತು 1960ರ ದಶಕಗಳಲ್ಲಿ ಇಂಗ್ಲೆಂಡಿನ ತರುಣರು ನಾರ್ಟನ್ ಸಂಸ್ಥೆಯ ‘ಫೆದರ್‌ಬೆಡ್’ ಚೌಕಟ್ಟಿನಲ್ಲಿ ಟ್ರಯಂಫ್ ಸಂಸ್ಥೆಯ ಜೋಡಿ ಸಿಲಿಂಡರಿನ ಎಂಜಿನ್ನನ್ನು ಅಳವಡಿಸಿ, ಆ ಸಂಕರ ವಾಹನವನ್ನು ‘ಟ್ರೈಟನ್’ ಎಂದು ಕರೆದರು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್‌ಲೆಸ್ ರೂಪಿಸಿದ ಆ ಚೌಕಟ್ಟು ತಿರುವುಗಳಲ್ಲಿ ತೋರುವ ಸ್ಥೈರ್ಯಕ್ಕೆ ಹೆಸರಾಗಿತ್ತು; 1950ರ ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಜೆಫ್ ಡ್ಯೂಕ್ ಗೆದ್ದುದು ಅದರ ಮೇಲೆಯೇ. ಒಂದರ ಸ್ಥೈರ್ಯಕ್ಕೆ ಇನ್ನೊಂದರ ಬಲವನ್ನು ಕೂಡಿಸುವುದು ಆ ತರುಣರ ಆಸೆ.

ಇಂಥ ವಾಹನವನ್ನು ಕಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಎಷ್ಟು ಅಶ್ವಶಕ್ತಿ? ಎಷ್ಟು ವೇಗ?’ ಎಂಬುದು. ನಾವಾದರೋ ಬೇರೊಂದು ಪ್ರಶ್ನೆಯನ್ನು ಮೊದಲು ಕೇಳಬೇಕೆನ್ನುತ್ತೇವೆ: ಗೇರುಪೆಟ್ಟಿಗೆಯ ಹಲ್ಲುಚಕ್ರವೂ ಹಿಂದಿನ ಗಾಲಿಯ ಹಲ್ಲುಚಕ್ರವೂ ಒಂದೇ ಸಮತಲದಲ್ಲಿವೆಯೇ? ಮೂಲ ತಯಾರಕನು ಈ ಸಮತಲವನ್ನು ಮೊದಲೇ ನಿಶ್ಚಯಿಸಿರುತ್ತಾನೆ. ಎಂಜಿನ್ ಬದಲಾದೊಡನೆ ಆ ನಿಶ್ಚಯ ಬಿದ್ದುಹೋಗಿ, ಅದರ ಹೊಣೆ ಬದಲಾಯಿಸಿದವನ ಹೆಗಲಿಗೇರುತ್ತದೆ.

ಇಂದಿನ ರೋಲರ್ ಸರಪಣಿಯ ಮೂಲರೂಪಕ್ಕೆ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ 1880ರಲ್ಲಿ ಪೇಟೆಂಟ್ ಪಡೆದನು. ಅದು ಒಂದೇ ಸಮತಲದಲ್ಲಿ ಬಾಗುವುದಕ್ಕೆಂದು ಮಾಡಿದ ಸಾಧನ. ಪಕ್ಕಕ್ಕೆ ಬಾಗುವುದು ಅದರ ಧರ್ಮವಲ್ಲ. ‘530’ ಎಂಬ ಅಳತೆಯ ಸರಪಣಿಯನ್ನೇ ತೆಗೆದುಕೊಳ್ಳೋಣ. ಅದರ ಒಂದು ಕೊಂಡಿಯಿಂದ ಮುಂದಿನದಕ್ಕೆ 15.875 ಮಿಲಿಮೀಟರ್. ಒಳಫಲಕಗಳ ನಡುವಣ ಅಗಲ ಸುಮಾರು 9.5 ಮಿಲಿಮೀಟರ್, ಅದರೊಳಗೆ ಹೊಗುವ ಹಲ್ಲಿನ ದಪ್ಪ ಸುಮಾರು 8.9 ಮಿಲಿಮೀಟರ್. ಎರಡೂ ಪಕ್ಕ ಸೇರಿ ಸಿಗುವ ಬಿಡುವು ಮಿಲಿಮೀಟರಿಗಿಂತ ಕಡಮೆ!

ಈಗ ಎಂಜಿನ್ ತನ್ನ ಸ್ಥಾನಕ್ಕಿಂತ 3 ಮಿಲಿಮೀಟರ್ ಪಕ್ಕಕ್ಕೆ ಕುಳಿತಿದೆಯೆಂದೂ, ಎರಡು ಹಲ್ಲುಚಕ್ರಗಳ ನಡುವೆ 600 ಮಿಲಿಮೀಟರ್ ದೂರವಿದೆಯೆಂದೂ ಭಾವಿಸೋಣ. ಸರಪಣಿಯ ಓರೆ 0.005 ರೇಡಿಯನ್, ಎಂದರೆ ಮೂರನೆಯ ಒಂದು ಡಿಗ್ರಿಗಿಂತಲೂ ಕಡಮೆ. ಹಿಂದಿನ ಚಕ್ರಕ್ಕೆ 42 ಹಲ್ಲು, ಗಾಲಿಯ ಸುತ್ತಳತೆ 2 ಮೀಟರ್, ವೇಗ ಗಂಟೆಗೆ 60 ಕಿಲೋಮೀಟರ್ ಆದರೆ, ಸೆಕೆಂಡಿಗೆ ಸುಮಾರು 350 ಕೊಂಡಿಗಳು ಹಾಯುತ್ತವೆ. ಸರಪಣಿಯ ವೇಗ ಸೆಕೆಂಡಿಗೆ ಸುಮಾರು 5.6 ಮೀಟರ್. ಆಗ ಗಾಲಿಗೆ 10 ಕಿಲೋವಾಟ್ ಸಾಮರ್ಥ್ಯ ತಲುಪುತ್ತಿದ್ದರೆ ಸರಪಣಿಯ ಎಳೆತ ಸುಮಾರು 1,800 ನ್ಯೂಟನ್. ಅದರಲ್ಲಿ ಪಕ್ಕಕ್ಕೆ ಬೀಳುವ ಪಾಲು ಕೇವಲ 9 ನ್ಯೂಟನ್. ‘ಇಷ್ಟು ಅಲ್ಪಕ್ಕೆ ಇಷ್ಟು ಚಿಂತೆಯೇ?’ ಎಂದು ವಿದ್ಯಾರ್ಥಿಯು ಕೇಳಿದರೆ ಆಶ್ಚರ್ಯವಿಲ್ಲ.

ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಬಾರದು. ನೂರು ಕೊಂಡಿಗಳ ಸರಪಣಿಯು ಅದೇ ವೇಗದಲ್ಲಿ ಗಂಟೆಗೆ 12,600 ಸುತ್ತು ಸುತ್ತುತ್ತದೆ. ಒಂದೊಂದು ಸುತ್ತಿನಲ್ಲಿಯೂ ಪ್ರತಿ ಕೊಂಡಿಯು ಎರಡು ಹಲ್ಲುಚಕ್ರಗಳನ್ನೂ ಓರೆಯಾಗಿಯೇ ಹೊಕ್ಕು, ಒಳಫಲಕವು ಹಲ್ಲಿನ ಪಕ್ಕವನ್ನು ಉಜ್ಜುತ್ತದೆ. ಹೀಗೆ ಗಂಟೆಗೆ 25,200 ಸಾರಿ! ಹನಿಹನಿ ಕೂಡಿದರೆ ಹಳ್ಳ. ಹಲ್ಲು ಸವೆದು ಚೂಪಾಗುತ್ತದೆ, ಕೊಂಡಿ ಸಡಿಲವಾಗುತ್ತದೆ, ಕೊನೆಗೊಂದು ದಿನ ಸರಪಣಿ ಕಳಚಿ ಹಲ್ಲುಚಕ್ರಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡರೆ ಹಿಂದಿನ ಗಾಲಿ ಓಡುತ್ತಿದ್ದಂತೆಯೇ ಬಿಗಿದು ನಿಲ್ಲುತ್ತದೆ. ಸವಾರನ ಪ್ರಾಣವು ಆ ಮೂರು ಮಿಲಿಮೀಟರಿನ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ತಪ್ಪು ಎರಡು ಬಗೆಯದು. ಚಕ್ರಗಳು ಸಮಾಂತರವಾಗಿದ್ದು ಒಂದು ಪಕ್ಕಕ್ಕೆ ಸರಿದಿರುವುದು ಮೊದಲನೆಯದು. ಎಂಜಿನ್ನೇ ಓರೆಯಾಗಿ ಕುಳಿತು ಚಕ್ರಗಳು ಸಮಾಂತರವಾಗಿರದೆ ಹೋಗುವುದು ಎರಡನೆಯದು. ಹಿಂದಿನ ಹಲ್ಲುಚಕ್ರದ ಮುಖಕ್ಕೆ ನೇರವಾದ ಉಕ್ಕಿನ ಪಟ್ಟಿಯೊಂದನ್ನು ತಗುಲಿಸಿ ಮುಂದಿನ ಚಕ್ರದವರೆಗೆ ಚಾಚಿದರೆ ಇವೆರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಮುಂಚಕ್ರದ ಎರಡು ಅಂಚುಗಳಿಂದಲೂ ಪಟ್ಟಿಗೆ ಸಮನಾದ ಅಂತರವಿದ್ದರೆ ಓರೆಯಿಲ್ಲ. ಚಕ್ರಗಳ ದಪ್ಪದಲ್ಲಿರುವ ವ್ಯತ್ಯಾಸವನ್ನು ಎಣಿಕೆಗೆ ತಂದುಕೊಂಡು ಹಲ್ಲಿನ ನಡುಗೆರೆಗಳನ್ನು ಹೋಲಿಸಿದರೆ ಎಷ್ಟು ಸರಿದಿದೆಯೆಂಬುದು ತಿಳಿಯುತ್ತದೆ. ಅಂತರಗಳು ಅಸಮವಾಗಿದ್ದರೆ ಓರೆಯಿದೆ. 19 ಹಲ್ಲಿನ ಚಕ್ರದ ವ್ಯಾಸ ಸುಮಾರು 96 ಮಿಲಿಮೀಟರ್. ಅದರ ಅಂಚುಗಳಲ್ಲಿ 1.7 ಮಿಲಿಮೀಟರ್ ವ್ಯತ್ಯಾಸ ಕಂಡರೆ ಓರೆಯು ಒಂದು ಡಿಗ್ರಿಯಷ್ಟಾಯಿತು. ಸರಿದ ತಪ್ಪಿಗೆ ತಕ್ಕ ದಪ್ಪದ ಬಿಲ್ಲೆಯನ್ನು ಕೊಡಬಹುದು. ಓರೆಯ ತಪ್ಪಿಗೆ ಎಂಜಿನ್ನನ್ನು ಹಿಡಿದ ಫಲಕಗಳನ್ನೇ ತಿದ್ದಬೇಕು, ಬೇರೆ ಮಾರ್ಗವಿಲ್ಲ.

ಬೇರೆ ಮಾರ್ಗವಿಲ್ಲವೆಂದೆವು. ಆದರೆ ಸುಲಭವಾದೊಂದು ಅಡ್ಡದಾರಿ ಇದೆ, ನಮ್ಮ ಆಕ್ಷೇಪವಿರುವುದು ಅದರ ಮೇಲೆಯೇ. ಹಿಂದಿನ ಗಾಲಿಯ ಅಚ್ಚನ್ನು ಒಂದು ಕಡೆ ಮಿಲಿಮೀಟರಿನಷ್ಟು ಹೆಚ್ಚು ಎಳೆದರೆ ಗಾಲಿ ತಿರುಗಿ, ಅದರ ಹಲ್ಲುಚಕ್ರವು ಮುಂದಿನದರ ಕಡೆಗೆ ಮುಖಮಾಡುತ್ತದೆ. ಹಿಂದಿನಿಂದ ಬಗ್ಗಿ ನೋಡಿದವನಿಗೆ ಸರಪಣಿ ನೇರವಾಗಿಯೇ ಕಾಣುತ್ತದೆ! ನಿಜವಾಗಿ ಆದುದೇನು? ಮುಂಚಕ್ರದಲ್ಲಿ ಓರೆ ಇದ್ದಂತೆಯೇ ಇದೆ. ಅದರ ಜೊತೆಗೆ ನೇರವಾಗಿದ್ದ ಗಾಲಿಯೂ ಕೆಟ್ಟು, ವಾಹನವು ಒಂದು ಪಕ್ಕಕ್ಕೆ ಎಳೆಯತೊಡಗುತ್ತದೆ. ಒಂದು ತಪ್ಪನ್ನು ಮರೆಸಲು ಮತ್ತೊಂದನ್ನು ಸೃಷ್ಟಿಸಿದಂತಾಯಿತು.

ಇದನ್ನು ಓದುವಾಗ ನಮಗೆ ಪ್ರಯೋಗಶಾಲೆಯ ನೆನಪು ಬರುತ್ತದೆ. ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯಿರೆಂದರೆ, ಪುಸ್ತಕದಲ್ಲಿರುವ 9.81 ಎಂಬ ಅಂಕಿಯೇ ದಫ್ತರದ ಮೇಲೆ ದಫ್ತರದಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಅದರ ಬೆಲೆ ಸುಮಾರು 9.78; 9.81 ಎಂಬುದು ಲಂಡನ್, ಪ್ಯಾರಿಸುಗಳ ಅಕ್ಷಾಂಶಕ್ಕೆ ಒಪ್ಪುವಂಥದು. ಉತ್ತರವನ್ನು ಮೊದಲೇ ಬರೆದುಕೊಂಡು ಕಾಲದ ಅಳತೆಯನ್ನು ಅದಕ್ಕೆ ಹೊಂದಿಸಿದ ವಿದ್ಯಾರ್ಥಿಗೂ, ಓರೆಯಾದ ಎಂಜಿನ್ನಿಗಾಗಿ ಗಾಲಿಯನ್ನು ತಿರುಗಿಸಿದವನಿಗೂ ನಾವು ಭೇದವನ್ನು ಕಾಣೆವು. ದಫ್ತರಕ್ಕೆ ಅಂಕಗಳು ದೊರೆಯಬಹುದು. ಸರಪಣಿ ಮಾತ್ರ ಯಾರಿಗೂ ಅಂಕವನ್ನು ದಾನಮಾಡುವುದಿಲ್ಲ.

ಆದುದರಿಂದ ಕ್ರಮವು ಮುಖ್ಯ. ಚೌಕಟ್ಟು ಬಾಗಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಹಿಂಗಾಲಿಯ ಕವೆಯು ಚೌಕಟ್ಟಿಗೆ ಸೇರುವ ತಿರುಗಣೆಯಿಂದ ಅಚ್ಚಿನ ಮಧ್ಯದವರೆಗಿನ ದೂರ ಎರಡು ಪಕ್ಕದಲ್ಲಿಯೂ ಸಮನಾಗುವಂತೆ ಗಾಲಿಯನ್ನು ನಿಲ್ಲಿಸಬೇಕು. ಕವೆಯ ಮೇಲೆ ಕೊರೆದ ಗುರುತುಗಳನ್ನೇ ನಂಬಬಾರದು. ಬಳಿಕ ಎಂಜಿನ್ನನ್ನು ಗಾಲಿಗೆ ಹೊಂದಿಸಬೇಕೇ ಹೊರತು ಗಾಲಿಯನ್ನು ಎಂಜಿನ್ನಿಗಲ್ಲ. ಬೋಲ್ಟುಗಳನ್ನು ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು, ಏಕೆಂದರೆ ಬಿಗಿಯುವಾಗಲೇ ಎಷ್ಟೋ ಸಾರಿ ಅಳತೆ ಕದಲುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಹಿರಿಯರು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಆದರೂ ಅದರ ತಿರುಳನ್ನು ಬಲ್ಲವರು.

ಎಂಜಿನ್ ಬದಲಾಯಿಸಲು ಹೊರಡಿರೆಂದು ನಾವು ತರುಣರನ್ನು ಹುರಿದುಂಬಿಸುತ್ತಿಲ್ಲ. ತಯಾರಕರ ನಮೂದಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧಿಸುತ್ತದೆ. ಆದರೆ ಪಾಠಕ್ಕೆ ಮನೆಯ ಬೈಸಿಕಲ್ಲೇ ಸಾಕು. ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂಗಾಲಿಯ ನಟ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿಯಿರಿ. ಗಾಲಿ ಹೇಗೆ ಓರೆಯಾಗುತ್ತದೆ, ಸರಪಣಿ ಎಲ್ಲಿ ಉಜ್ಜುತ್ತದೆ ಎಂಬುದನ್ನು ಪಟ್ಟಿ ಹಿಡಿದು ಅಳೆಯಿರಿ. ಕಂಡ ಅಂಕಿಯನ್ನು ಕಂಡಂತೆಯೇ ಬರೆಯಿರಿ. ಅದು ಪುಸ್ತಕಕ್ಕೆ ಒಪ್ಪದಿದ್ದರೆ ಕಾರಣವನ್ನು ಹುಡುಕಿ, ಅಂಕಿಯನ್ನು ತಿದ್ದಬೇಡಿ. ಭೌತಶಾಸ್ತ್ರದ ಅಭ್ಯಾಸ ಅಲ್ಲಿಂದಲೇ ಮೊದಲಾಗುತ್ತದೆ.